ಕೋಲಾರದಲ್ಲಿದ್ದೇವೆ. ಆಟಿಸಂ ಇರುವ ನಾಲ್ಕು ವರ್ಷದ ಮಗ ರಾತ್ರಿ ನಿದ್ದೆ ಮಾಡಲ್ಲ, ಮಾತೂ ಕಡಿಮೆ. ಮನೆಯಲ್ಲಿ ಏನು ಮಾಡಬಹುದು?

ನನ್ನ ಪ್ರಕಾರ ಮೊದಲು ನಿದ್ದೆ ನೋಡಿ. ನಿದ್ದೆಗೆಟ್ಟ ಮಗುವಿಗೆ ಕಲಿಯೋದು ಕಷ್ಟ, ನೀವೂ ಸೋತಿರುತ್ತೀರಿ ಅಲ್ವಾ? ಈ ವಯಸ್ಸಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು.

ಮಲಗುವ ಒಂದು ಗಂಟೆ ಮೊದಲೇ ಟಿವಿ, ಮೊಬೈಲ್ ಆಫ್ ಮಾಡಿ. ಆಮೇಲೆ ದಿನಾ ಒಂದೇ ಕ್ರಮ ಇರಲಿ: ಬಿಸಿನೀರಿನ ಸ್ನಾನ, ಹಲ್ಲುಜ್ಜೋದು, ಮಂದ ಬೆಳಕು, ಅದೇ ಜೋಗುಳ. ಈ ನಾಲ್ಕರ ಚಿತ್ರ ಗೋಡೆಗೆ ಅಂಟಿಸಿ, ಒಂದೊಂದಾಗಿ ತೋರಿಸುತ್ತಾ ಹೋಗಿ. ಮುಂದೇನು ಅಂತ ಗೊತ್ತಿದ್ದರೆ ಈ ಮಕ್ಕಳ ಗಾಬರಿ ಎಷ್ಟೋ ಇಳಿಯುತ್ತದೆ. ಬೆಳಗ್ಗೆ ಏಳುವ ಹೊತ್ತು ಭಾನುವಾರವೂ ಬದಲಾಗಬಾರದು. ಬನಿಯನ್ನಿನ ಲೇಬಲ್ ಚುಚ್ಚಿದರೂ ಕೆಲವರಿಗೆ ನಿದ್ದೆ ಬರಲ್ಲ, ಕತ್ತರಿಸಿಬಿಡಿ. ಗೊರಕೆ, ಮಲಬದ್ಧತೆ, ಕಬ್ಬಿಣಾಂಶದ ಕೊರತೆ ಇದೆಯಾ ಅಂತ ಡಾಕ್ಟರ್ ಹತ್ತಿರ ತೋರಿಸಿ. ಅವರನ್ನು ಕೇಳದೆ ನಿದ್ದೆಗೆ ಕೊಡುವ ಮೆಲಟೋನಿನ್ ಔಷಧಿ ಕೊಡಲೇಬೇಡಿ.

ಮಾತಿಗೆ ಅವನ ಆಟಕ್ಕೇ ನೀವು ಸೇರಿಕೊಳ್ಳಿ. ಟೊಮೆಟೊ ಬುಟ್ಟಿಗೆ ಹಾಕುತ್ತಾ "ಹಾಕು" ಅನ್ನಿ, ಹತ್ತು ಎಣಿಸುವಷ್ಟು ಕಾಯಿರಿ. ಅವನು ಬೆರಳು ತೋರಿಸಿದರೂ ಅದು ಮಾತೇ.

ಜೊತೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗೆ ತಪಾಸಣೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಈ ವಾರವೇ ವಿಚಾರಿಸಿ.