ಓದುಗರ ಪ್ರಶ್ನೆ: ತಮ್ಮನ ಮನೆಗೆ ಕಾಣುವ ತಾಣ ಬೆಂಗಳೂರಿಗೇಕೆ ಕಾಣದು?

ಪ್ರಶ್ನೆ: ಮಾನ್ಯರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ತೋಟದ ಮನೆ. ತಂದೆಯವರು 1983ರಿಂದ ಅಂಗಳದ ಮಳೆಮಾಪಕದ ಲೆಕ್ಕವನ್ನು ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಅದನ್ನೆಲ್ಲ ನಾನು ಕಂಪ್ಯೂಟರಿಗೆ ಏರಿಸಿ, ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ವೆಬ್ ಸರ್ವರ್ ಹಾಕಿ ಪುಟವೊಂದನ್ನು ಮಾಡಿದ್ದೇನೆ. ಮನೆಯ ವೈಫೈಯಲ್ಲಿ 192.168.1.20 ಎಂದು ಹಾಕಿದರೂ, ಬದಲಾಗುವ ವಿಳಾಸಕ್ಕೆ ಬದಲಾಗದ ಹೆಸರು ಕೊಡುವ ರೂಟರಿನ ಡೈನಾಮಿಕ್ ಡಿಎನ್‌ಎಸ್ ಸೌಲಭ್ಯದಿಂದ ಪಡೆದ ಹೆಸರನ್ನು ಹಾಕಿದರೂ ಪುಟ ತೆರೆಯುತ್ತದೆ. ಅದೇ ಕಂಪನಿಯ ಫೈಬರ್ ಸಂಪರ್ಕವಿರುವ ತಮ್ಮನ ಮನೆಯಲ್ಲೂ ತೆರೆಯಿತು. ಬೆಂಗಳೂರಿನಲ್ಲಿರುವ ಮಗಳಿಗೆ ಮಾತ್ರ ಬಹಳ ಹೊತ್ತು ಸುತ್ತಿ ಸುತ್ತಿ ನಿಂತುಬಿಡುತ್ತದೆ. ಹೊರಗಿನಿಂದ ಬಂದ ಕೋರಿಕೆಯನ್ನು ರೂಟರು ಪೈಗೆ ದಾಟಿಸುವಂತೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೇನೆ. ಪೋರ್ಟ್ ಸಂಖ್ಯೆ 80 ಬಿಟ್ಟು 8080 ಹಾಕಿ ನೋಡಿದೆ, ರೂಟರಿನ ಫೈರ್‌ವಾಲ್ ತೆಗೆದೆ, ಕಡೆಗೆ ಎಲ್ಲ ಪೋರ್ಟುಗಳನ್ನೂ ಪೈಗೆ ಬಿಟ್ಟುಕೊಡುವ ಡಿಎಂಝಡ್ ಕೂಡ ಹಾಕಿದೆ. ಕಂಪನಿಯವರನ್ನು ಕೇಳಿದರೆ ಯಾವ ಪೋರ್ಟನ್ನೂ ತಡೆದಿಲ್ಲ ಎನ್ನುತ್ತಾರೆ. ರೂಟರಿನ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) 100.72 ಎಂದು ಆರಂಭವಾಗುತ್ತದೆ. ಇದಲ್ಲದೆ ಕರೆಂಟ್ ಹೋಗಿ ಬಂದ ಮೇಲೆ ಕೆಲವೊಮ್ಮೆ ಮನೆಯಲ್ಲೂ ತೆರೆಯುವುದಿಲ್ಲ. ದೋಷ ಎಲ್ಲಿದೆ?

ಉತ್ತರ: ದೋಷ ಎಲ್ಲಿದೆಯೆಂಬುದನ್ನು ನೋಡುವ ಮೊದಲು ಒಂದು ಕೆಲಸವನ್ನು ಇಂದೇ ಮಾಡಿ. ತೆಗೆದ ಫೈರ್‌ವಾಲನ್ನು ಮತ್ತೆ ಹಾಕಿ, ಡಿಎಂಝಡ್ ತೆಗೆಯಿರಿ. ಇವೆರಡರಿಂದ ನಿಮಗೆ ಪ್ರಯೋಜನವೇನೂ ಆಗಿಲ್ಲ. ಆದರೆ ನಿಮ್ಮ ಸಂಪರ್ಕದಲ್ಲಿ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಕೂಡ ಇದ್ದರೆ, ಮನೆಯಲ್ಲಿರುವ ಕ್ಯಾಮೆರಾ, ಟಿವಿ, ಪ್ರಿಂಟರ್ ಎಲ್ಲಕ್ಕೂ ಹೊರಜಗತ್ತಿನಿಂದ ನೇರವಾಗಿ ತಲುಪಬಲ್ಲ ವಿಳಾಸವಿರುತ್ತದೆ ಮತ್ತು ಅವುಗಳ ಮುಂದೆ ಇದ್ದ ಒಂದೇ ಬಾಗಿಲು ಆ ಫೈರ್‌ವಾಲ್ ಆಗಿರುತ್ತದೆ. ಒಂದು ಉಪಾಯ ಫಲಿಸದಿದ್ದಾಗ ಅದನ್ನು ಹಾಗೆಯೇ ಬಿಟ್ಟು ಮತ್ತೊಂದಕ್ಕೆ ಹೋಗುವ ಅಭ್ಯಾಸ ನಮಗೆ ಬರುವ ಪತ್ರಗಳಲ್ಲೆಲ್ಲ ಕಾಣುತ್ತದೆ.

ಇನ್ನು ವಿಷಯಕ್ಕೆ ಬರೋಣ. ಉತ್ತರ ನಿಮ್ಮ ಪತ್ರದಲ್ಲೇ, 100.72 ಎಂಬ ಅಂಕಿಯಲ್ಲೇ ಇದೆ. 100.64.0.0ಯಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು, ಇಂಟರ್‌ನೆಟ್ ಕಂಪನಿಗಳು ತಮ್ಮ ಒಳಜಾಲದಲ್ಲಿ ಬಳಸಿಕೊಳ್ಳಲೆಂದು 2012ರ ಏಪ್ರಿಲ್‌ನಲ್ಲಿ ಪ್ರತ್ಯೇಕವಾಗಿ ಎತ್ತಿಡಲಾಯಿತು. ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಬರಿದಾಯಿತು. ಹೀಗಾಗಿ ಒಂದು ನಿಜವಾದ ಸಾರ್ವಜನಿಕ ವಿಳಾಸವನ್ನು ಕಂಪನಿಯು ಹತ್ತಾರು, ಕೆಲವೆಡೆ ನೂರಾರು ಮನೆಗಳಿಗೆ ಹಂಚಿ, ಪ್ರತಿ ಮನೆಯ ರೂಟರಿಗೆ ಇಂತಹ ಒಳವಿಳಾಸವನ್ನು ಕೊಡುತ್ತದೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ನಿಮ್ಮ ರೂಟರಿನಲ್ಲಿ ಮಾಡಿದ ಪೋರ್ಟ್ ಫಾರ್ವರ್ಡಿಂಗ್ ಸರಿಯಾಗಿಯೇ ಇದ್ದರೂ, ಅದಕ್ಕಿಂತ ಮೇಲೆ ಕಂಪನಿಯ ಯಂತ್ರವೊಂದಿದೆ ಮತ್ತು ಹೊರಗಿನಿಂದ ಬಂದ ಕೋರಿಕೆಯನ್ನು ಯಾವ ಮನೆಗೆ ಕಳುಹಿಸಬೇಕೆಂಬುದು ಅದಕ್ಕೆ ತಿಳಿಯದು. ಕಂಪನಿಯವರು ಹೇಳಿದ್ದು ಸುಳ್ಳಲ್ಲ. ಅವರು ಪೋರ್ಟನ್ನು ತಡೆದಿಲ್ಲ, ನಿಮ್ಮ ಮನೆಗೆ ಹೊರಗಿನಿಂದ ಬರುವ ದಾರಿಯನ್ನೇ ಕೊಟ್ಟಿಲ್ಲ.

ಹಾಗಾದರೆ ಮನೆಯಲ್ಲಿ ಆ ಹೆಸರು ತೆರೆದದ್ದು ಹೇಗೆ? ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ ಎಂದು ನನ್ನ ಎಣಿಕೆ. ರೂಟರಿನೊಳಗಿನ ಡೈನಾಮಿಕ್ ಡಿಎನ್‌ಎಸ್, ತನಗೆ ಗೊತ್ತಿರುವ ವ್ಯಾನ್ ವಿಳಾಸವನ್ನೇ, ಅಂದರೆ ಆ 100.72ರ ವಿಳಾಸವನ್ನೇ ಹೆಸರಿನ ಮುಂದೆ ಬರೆಸಿದೆ. ಮನೆಯೊಳಗಿನಿಂದ ಆ ಹೆಸರನ್ನು ಕೇಳಿದಾಗ ರೂಟರು ‘ಇದು ನನ್ನದೇ ವಿಳಾಸ’ ಎಂದು ಗುರುತಿಸಿ, ಕೋರಿಕೆಯನ್ನು ಹೊರಗೆ ಬಿಡದೆ ಒಳಕ್ಕೇ ತಿರುಗಿಸಿ ಸರ್ವರಿಗೆ ಕೊಡುತ್ತದೆ. ತಮ್ಮನವರ ಮನೆಯೂ ಅದೇ ಕಂಪನಿಯ ಒಳಜಾಲದಲ್ಲಿ ಇರುವುದರಿಂದ ಅಲ್ಲಿಂದಲೂ ದಾರಿ ಸಿಕ್ಕಿತು. ನಮ್ಮ ಕಡೆ ಬಹುತೇಕ ಊರಿನಲ್ಲಿಯೂ ಒಂದು ‘ಮೇಲಿನಮನೆ’ ಇರುತ್ತದಷ್ಟೆ. ಕಾಗದದ ಮೇಲೆ ‘ಮೇಲಿನಮನೆ’ ಎಂದಷ್ಟೇ ಬರೆದು ಊರಿನ ಅಂಚೆಯವರ ಕೈಗೆ ಕೊಟ್ಟರೆ ಅದು ಸಂಜೆಯೊಳಗೆ ತಲುಪುತ್ತದೆ. ಅದೇ ಕಾಗದವನ್ನು ಬೆಂಗಳೂರಿನ ಡಬ್ಬಿಗೆ ಹಾಕಿದರೆ ಊರು, ತಾಲ್ಲೂಕು ಇಲ್ಲದ ಆ ವಿಳಾಸಕ್ಕೆ ಅರ್ಥವೇ ಇಲ್ಲ. ಮಗಳ ಬ್ರೌಸರು ಸುತ್ತಿ ಸುತ್ತಿ ನಿಂತದ್ದು ಇದಕ್ಕೇ. ಆದ್ದರಿಂದ ಹೊರಗಿನ ಪರೀಕ್ಷೆಯನ್ನು ಎಂದೂ ಮನೆಯ ವೈಫೈಯಲ್ಲಿ ಮಾಡಬಾರದು; ಫೋನಿನ ವೈಫೈ ಆರಿಸಿ, ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲಿ ಮಾಡಬೇಕು. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಗಿ ಬಂದರೂ ಪರೀಕ್ಷೆ ಅಲ್ಲಿಯೇ ಆಗಬೇಕು.

ಖಚಿತಪಡಿಸಿಕೊಳ್ಳುವುದು ಸುಲಭ. ರೂಟರಿನಲ್ಲಿ ಕಾಣುವ ವ್ಯಾನ್ ವಿಳಾಸವನ್ನು ಬರೆದುಕೊಂಡು, ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ತಾಣದಲ್ಲಿ ಬರುವ ಐಪಿವಿ4 ವಿಳಾಸದೊಡನೆ ಹೋಲಿಸಿ. ಎರಡೂ ಬೇರೆಯಾಗಿದ್ದರೆ ನಿಮ್ಮ ಮತ್ತು ಜಗತ್ತಿನ ನಡುವೆ ಇನ್ನೊಂದು ತಿರುಗುಬಾಗಿಲು ಇದೆಯೆಂದೇ ಅರ್ಥ. (ವ್ಯಾನ್ ವಿಳಾಸ 192.168 ಎಂದು ಆರಂಭವಾದರೆ, ಸಾಮಾನ್ಯವಾಗಿ ಕಂಪನಿಯ ಪೆಟ್ಟಿಗೆ ಮತ್ತು ನೀವು ಕೊಂಡ ರೂಟರು ಎರಡೂ ಸೇರಿ ಮನೆಯಲ್ಲೇ ಎರಡು ಬಾಗಿಲಾಗಿರುತ್ತವೆ; ಆಗ ಮೊದಲನೆಯದನ್ನು, ವಿಳಾಸ ಬದಲಿಸದೆ ಸುಮ್ಮನೆ ದಾಟಿಸುವ ಬ್ರಿಡ್ಜ್ ವಿಧಾನಕ್ಕೆ ಹಾಕಬೇಕು. ನಿಮ್ಮದು ಅದಲ್ಲ.)

ಪರಿಹಾರ ಮೂರ್ನಾಲ್ಕು ಇವೆ. ಕಂಪನಿಯಿಂದ ಸಾರ್ವಜನಿಕ ಸ್ಥಿರ ವಿಳಾಸವನ್ನು ಕೇಳಿ ಪಡೆಯಬಹುದು. ಕೊಡುವವರು ಅದಕ್ಕೆ ಬೇರೆ ಶುಲ್ಕ ಕೇಳುವುದು ರೂಢಿ. ಐಪಿವಿ6 ಇದ್ದರೆ, ಅಂದರೆ ಸರ್ವರಿಗೆ 2ರಿಂದ ಆರಂಭವಾಗುವ ಉದ್ದನೆಯ ವಿಳಾಸ ಬಂದಿದ್ದರೆ (ಎಫ್‌ಇ80 ಎಂದು ಆರಂಭವಾಗುವುದು ಮನೆಯೊಳಗಿನದು, ಲೆಕ್ಕಕ್ಕಿಲ್ಲ), ರೂಟರಿನ ಫೈರ್‌ವಾಲಿನಲ್ಲಿ ಆ ಒಂದು ಯಂತ್ರದ ಒಂದು ಪೋರ್ಟಿಗೆ ಮಾತ್ರ ಅನುಮತಿ ಕೊಟ್ಟು ತೆರೆಯಬಹುದು. ಆದರೆ ಮಗಳು ಇರುವ ಕಡೆಯಲ್ಲೂ ಐಪಿವಿ6 ಇರಬೇಕು. ಮೂರನೆಯದು, ಸಾರ್ವಜನಿಕ ವಿಳಾಸವಿರುವ ಸಣ್ಣ ಬಾಡಿಗೆ ಸರ್ವರೊಂದನ್ನು ಪಡೆದು, ಮನೆಯ ಪೈಯಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಸುರಂಗವನ್ನು, ಅಂದರೆ ಖಾಸಗಿ ಸಂಪರ್ಕವನ್ನು ಹಾಕುವುದು. ಸುರಂಗವನ್ನು ಮನೆಯ ಕಡೆಯಿಂದಲೇ ಆರಂಭಿಸುವುದರಿಂದ ಸಿಜಿನ್ಯಾಟ್ ಅದಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಮಾತಿಲ್ಲದೆ ಸುಮ್ಮನಿದ್ದರೆ ಕಂಪನಿಯ ಯಂತ್ರವು ಆ ಸಂಪರ್ಕವನ್ನು ಮರೆತುಬಿಡುತ್ತದಾದ್ದರಿಂದ, ಪ್ರತಿ 25 ಸೆಕೆಂಡಿಗೊಮ್ಮೆ ಪುಟ್ಟ ಸಂದೇಶ ಹೋಗುವಂತೆ ಹೊಂದಿಸಬೇಕು.

ನೀವು ಇವು ಯಾವುದನ್ನೂ ಮಾಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮಾಹಿತಿ ಬದಲಾಗುವುದು ದಿನಕ್ಕೆ ಒಮ್ಮೆ, ಬೆಳಿಗ್ಗೆ 8.30ರ ನಂತರ. 40 ವರ್ಷಕ್ಕೂ ಮಿಕ್ಕಿದ ಲೆಕ್ಕವೆಂದರೆ ಸುಮಾರು 15,000 ಸಾಲು; ಬರಿಯ ಅಕ್ಷರಗಳಲ್ಲಿ ಅದು ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕಿಂತ ಚಿಕ್ಕದು. ಅಂಕಿ ಸೇರಿಸಿದ ಮೇಲೆ ಪೈಯೇ ಪುಟವನ್ನು ಸಿದ್ಧಪಡಿಸಿ, ಹೊರಗಿನ ಯಾವುದಾದರೂ ವೆಬ್ ಹೋಸ್ಟಿಂಗ್ ಜಾಗಕ್ಕೆ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಕೆಲಸ ಮಾಡಿಸುವ ಸೌಲಭ್ಯ) ಮೂಲಕ ಗಂಟೆಗೊಮ್ಮೆ ಪ್ರತಿಯನ್ನು ಕಳುಹಿಸುವಂತೆ ಮಾಡಿ. ಲಿಂಗನಮಕ್ಕಿಯ ನೀರಿನಿಂದ ನಾಡಿಗೆಲ್ಲ ಬೆಳಕು ಹೋದರೂ ಜುಲೈ ತಿಂಗಳಲ್ಲಿ ಮರ ಬಿದ್ದು ನಮ್ಮ ಹಳ್ಳಿಗಳು ಎರಡು ಮೂರು ದಿನ ಕತ್ತಲಲ್ಲಿರುವುದು ಹೊಸತೇನಲ್ಲ. ಜೋರು ಮಳೆ ಬಂದ ದಿನವೇ ಮಗಳು ಆ ಪುಟವನ್ನು ನೋಡಲು ಬಯಸುತ್ತಾಳೆ, ನಿಮ್ಮ ಸರ್ವರ್ ಆರಿರುವುದೂ ಅದೇ ದಿನ. ಪ್ರತಿ ಹೊರಗಿದ್ದರೆ ಹಿಂದಿನ ದಿನದವರೆಗಿನ ಲೆಕ್ಕವಾದರೂ ಕಾಣುತ್ತದೆ, ಕರೆಂಟ್ ಬಂದ ಮೇಲೆ ಉಳಿದದ್ದು ತಾನಾಗಿ ಹೋಗುತ್ತದೆ. ಮಗಳೂ ಅಲ್ಲಿಂದಲೇ ಮಾಹಿತಿಯನ್ನು ತಿದ್ದಬೇಕು ಎಂದಿದ್ದರೆ ಮಾತ್ರ ವೈರ್‌ಗಾರ್ಡ್ ಹಾಕಿ.

ಕರೆಂಟ್ ಹೋಗಿ ಬಂದ ಮೇಲೆ ಮನೆಯಲ್ಲೂ ತೆರೆಯದಿರುವುದಕ್ಕೆ ಕಾರಣ ಬೇರೆ. ರೂಟರು ಮರಳಿ ಏಳುವಾಗ ವಿಳಾಸಗಳನ್ನು ಹೊಸದಾಗಿ ಹಂಚುತ್ತದೆ, 20ರಲ್ಲಿದ್ದ ಪೈ 12ಕ್ಕೆ ಹೋಗಿರುತ್ತದೆ. ರೂಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಪೈಯ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಯಂತ್ರದ ಗುರುತಿನ ಸಂಖ್ಯೆಗೆ, 192.168.1.20 ಅನ್ನು ಕಾಯ್ದಿರಿಸಿ. ಆಮೇಲೂ ತೆರೆಯದಿದ್ದರೆ ಮೆಮೊರಿ ಕಾರ್ಡಿನ ಮೇಲೆ ಅನುಮಾನ ಪಡಬೇಕು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅದು ಕೆಡಬಹುದು. ಪೈ, ರೂಟರು, ಫೈಬರ್ ಪೆಟ್ಟಿಗೆ ಮೂರನ್ನೂ ಇನ್‌ವರ್ಟರಿನ ಲೈನಿಗೆ ಸೇರಿಸಿ. ಗುಡುಗು ಸಿಡಿಲಿನ ಏಪ್ರಿಲ್, ಮೇ ತಿಂಗಳಲ್ಲಿ ಪ್ಲಗ್ಗನ್ನು ಕಿತ್ತಿಡಿ. ಫೈಬರ್ ಗಾಜಿನ ಎಳೆಯಾದುದರಿಂದ ಅದರಲ್ಲಿ ವಿದ್ಯುತ್ ಹರಿಯದು, ಆದರೆ ಅಡಾಪ್ಟರಿನ ದಾರಿಯಲ್ಲಿ ಬಂದೇ ಬರುತ್ತದೆ. ಇಷ್ಟಾದರೂ ತಂದೆಯವರ ಪುಸ್ತಕಗಳನ್ನು ಎಸೆಯಬೇಡಿ.

ಪ್ರಶ್ನೆ: ಶಿವಮೊಗ್ಗದ ನಮ್ಮ ಮನೆಯಲ್ಲಿ ಸ್ಥಿರ ವಿಳಾಸ ಪಡೆದು ಸ್ವಂತ ವೆಬ್ ಸರ್ವರ್ ನಡೆಸುತ್ತಿದ್ದೇನೆ. ಅದರ ಲಾಗಿನಲ್ಲಿ (ಭೇಟಿಗಳ ದಾಖಲೆಯಲ್ಲಿ) ಪರದೇಶದ ವಿಳಾಸಗಳಿಂದ, ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಲಾಗಿನ್ ಪುಟವನ್ನು ಕೇಳುವ ನೂರಾರು ಸಾಲುಗಳಿವೆ. ನನ್ನಲ್ಲಿ ವರ್ಡ್‌ಪ್ರೆಸ್ಸೇ ಇಲ್ಲ. ಯಾರಾದರೂ ಒಳಗೆ ನುಗ್ಗಿದ್ದಾರೆಯೇ?

ಉತ್ತರ: ಬಾಗಿಲು ತಟ್ಟಿದ್ದಾರೆ, ಅಷ್ಟೆ. ನಿಮ್ಮನ್ನೇ ಗುರಿಯಿಟ್ಟು ಬಂದವರೂ ಅಲ್ಲ. ಒಂದೇ ಯಂತ್ರದಿಂದ ಇಡೀ ಐಪಿವಿ4 ಲೋಕವನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಅಲ್ಲದೆ, ತಾಣಕ್ಕೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಪಡೆದಾಗ ಅದರ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಸೇರುವುದರಿಂದ, ನೀವು ಯಾರಿಗೂ ಹೇಳದಿದ್ದರೂ ಹೆಸರು ಗುಟ್ಟಾಗಿ ಉಳಿಯುವುದಿಲ್ಲ. ಆ ಸಾಲುಗಳಲ್ಲಿ ಉತ್ತರದ ಸಂಖ್ಯೆ 404 ಎಂದಿದ್ದರೆ ‘ಇಲ್ಲ’ ಎಂಬ ಉತ್ತರ ಹೋಗಿದೆ ಎಂದರ್ಥ. ನೀವು ಇಟ್ಟಿರದ ಪುಟಕ್ಕೆ 200 ಎಂಬ ಉತ್ತರ ಹೋಗಿದ್ದರೆ ಆಗ ಪರಿಶೀಲಿಸಬೇಕು. ವೆಬ್ಬಿನ ಲಾಗಿಗಿಂತ, ದೂರದಿಂದ ಯಂತ್ರದೊಳಕ್ಕೆ ಬರಲು ಬಳಸುವ ಎಸ್‌ಎಸ್‌ಎಚ್‌ನ ಲಾಗನ್ನು ಮೊದಲು ನೋಡಿ. ಅದರ 22ನೆಯ ಪೋರ್ಟನ್ನೂ ರೂಟರಿನಲ್ಲಿ ಹೊರಕ್ಕೆ ತೆರೆದಿದ್ದರೆ ಮುಚ್ಚಿಬಿಡಿ. ಹೊರಗಿನಿಂದ ಬರಲೇಬೇಕಿದ್ದರೆ ಪಾಸ್‌ವರ್ಡಿನ ಪ್ರವೇಶವನ್ನು ನಿಲ್ಲಿಸಿ, ಕೀಲಿ ಕಡತದಿಂದ ಮಾತ್ರ ಒಳಗೆ ಬರುವಂತೆ ಮಾಡಿಕೊಳ್ಳಿ.