ಮಗ ಗಿಡ್ಡ ಇದ್ದಾನೆ, ಇಂಜೆಕ್ಷನ್ ಕೊಡಿಸಬಹುದಾ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 9 ವರ್ಷ. ತರಗತಿಯಲ್ಲಿ ಅವನೇ ಎಲ್ಲರಿಗಿಂತ ಗಿಡ್ಡ. ಎರಡು ವರ್ಷದ ಹಿಂದೆ ಹೊಲಿಸಿದ ಪ್ಯಾಂಟೇ ಇನ್ನೂ ಸರಿಯಾಗುತ್ತದೆ. ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಕೊಡಿಸು ಅಂತ ನಾದಿನಿ ಹೇಳುತ್ತಾಳೆ. ಕೊಡಿಸಬಹುದಾ? 24 ವರ್ಷದ ನನ್ನ ತಮ್ಮನೂ ಗಿಡ್ಡ. ಅವನಿಗೂ ಉಪಯೋಗ ಆಗುತ್ತದಾ?

ಉತ್ತರ: ನೀವು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ಯಾಂಟಿನ ಮಾತು. ಅಪ್ಪ ಅಮ್ಮ ಗಿಡ್ಡ ಇದ್ದರೆ ಮಗುವೂ ಗಿಡ್ಡ ಇರಬಹುದು, ಅದು ಕಾಯಿಲೆ ಅಲ್ಲ. ಆದರೆ ಬೆಳವಣಿಗೆ ನಿಂತಂತಿದ್ದರೆ ಸುಮ್ನೆ ಕೂರಬಾರದು. ಈ ವಯಸ್ಸಿನಲ್ಲಿ ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯಬೇಕು. 4ಕ್ಕಿಂತ ಕಡಿಮೆ ಇದ್ದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಹಿಂದೆ ಎಲ್ಲೆಲ್ಲಿ ಎತ್ತರ ಬರೆಸಿದ್ದೀರೋ ಆ ಕಾರ್ಡುಗಳನ್ನೆಲ್ಲ ಜೊತೆಗೆ ಒಯ್ಯಿರಿ. ನನ್ನಂಥವರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಮೊದಲು ಥೈರಾಯ್ಡ್, ಕಿಡ್ನಿ, ಕರುಳಿನ ತೊಂದರೆ ಇದೆಯಾ ನೋಡುತ್ತಾರೆ. ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಅಂತ ತಿಳಿಯಲು ಎಡಗೈಯ ಎಕ್ಸ್‌ರೇ ತೆಗೆಯುತ್ತಾರೆ. ಯಾವಾಗಲೋ ಒಮ್ಮೆ ರಕ್ತ ತೆಗೆದು ಗ್ರೋತ್ ಹಾರ್ಮೋನ್ ಅಳೆದರೆ ಪ್ರಯೋಜನ ಇಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಬಿಟ್ಟು ಬಿಟ್ಟು ಸುರಿಸುತ್ತದೆ, ನಿದ್ದೆಯಲ್ಲಿ ಜಾಸ್ತಿ. ಹಾಗಾಗಿ ಔಷಧ ಕೊಟ್ಟು ಗ್ರಂಥಿಯನ್ನು ಕೆರಳಿಸಿ, ಆಮೇಲೆ ಹಲವು ಸಲ ರಕ್ತ ತೆಗೆದು ನೋಡಬೇಕು.

ಈ ಹಾರ್ಮೋನ್‌ನ ಕೊರತೆ ಖಚಿತವಾದರೆ ಇಂಜೆಕ್ಷನ್ ನಿಜಕ್ಕೂ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ದಿನಾ ರಾತ್ರಿ, ಪೆನ್ನಿನಂಥ ಸಾಧನದಲ್ಲಿ, ತೊಡೆಗೋ ಹೊಟ್ಟೆಗೋ ಜಾಗ ಬದಲಿಸುತ್ತಾ ಚುಚ್ಚಬೇಕು. ವಾರಕ್ಕೊಮ್ಮೆ ಕೊಡುವ ಬಗೆಯೂ ಈಗ ಬಂದಿದೆ. ಔಷಧ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ವರ್ಷಗಟ್ಟಲೆ ತಪ್ಪದೆ ಕೊಡಬೇಕಾಗುತ್ತದೆ, ಮನೆಯವರೆಲ್ಲ ಇದಕ್ಕೆ ತಯಾರಿರಬೇಕು. ಮಗು ಕುಂಟಿದರೆ, ಸೊಂಟ ಅಥವಾ ಮೊಣಕಾಲು ನೋವು ಅಂದರೆ, ತಲೆನೋವಿನ ಜೊತೆ ವಾಂತಿ ಆದರೆ ಅವತ್ತೇ ಡಾಕ್ಟರಿಗೆ ಹೇಳಿ.

ಟರ್ನರ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ಕ್ರೋಮೋಸೋಮ್ ತೊಂದರೆ) ಇರುವ ಹೆಣ್ಣುಮಕ್ಕಳಿಗೆ, ದೀರ್ಘಕಾಲದ ಕಿಡ್ನಿ ಕಾಯಿಲೆಯಿಂದ ಬೆಳೆಯದ ಮಕ್ಕಳಿಗೆ ಕೂಡ ಇದನ್ನು ಕೊಡುತ್ತಾರೆ.

ನಿಮ್ಮ ತಮ್ಮನ ವಿಷಯ ಬೇರೆ. 24ಕ್ಕೆ ಮೂಳೆಯ ಬೆಳೆಯುವ ತುದಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಆಮೇಲೆ ಎಷ್ಟು ಚುಚ್ಚಿದರೂ ಎತ್ತರ ಆಗುವುದಿಲ್ಲ. ಗಡ್ಡೆ, ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಪಿಟ್ಯುಟರಿ ಹಾಳಾದ ದೊಡ್ಡವರಿಗೆ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಅದು ಸ್ನಾಯು, ಮೂಳೆ, ಸುಸ್ತಿಗಾಗಿ. ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ತೆಗೆದುಕೊಂಡರೆ ಸಕ್ಕರೆ ಕಾಯಿಲೆ, ಕೀಲುನೋವು ಬರಬಹುದು. ತಮ್ಮನಿಗೆ ಖಂಡಿತ ಬೇಡ.

ಮಗನನ್ನು ಮಾತ್ರ ಈ ತಿಂಗಳೇ ಕರೆದುಕೊಂಡು ಹೋಗಿ. ಕೊರತೆ ಇದ್ದರೆ, ಬೇಗ ಶುರು ಮಾಡಿದಷ್ಟೂ ಅವನಿಗೆ ಲಾಭ.