ಹಳೆಯ ಲ್ಯಾಪ್‌ಟಾಪಿಗೆ ಉಬುಂಟು 24.04 ಹೊಂದುತ್ತದೆಯೇ ಎಂದು ವಿಂಡೋಸ್ ಅಳಿಸದೆ ತಿಳಿಯುವುದು ಹೇಗೆ?

ಎಸ್.ಪಿ. ರಸ್ತೆಯಲ್ಲಿ ಕೊಂಡ, 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಎಂದು ತಾವು ತಿಳಿಸಿದ್ದೀರಿ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಐಎಸ್ಒ ಕಡತವನ್ನು (ಇಡೀ ವ್ಯವಸ್ಥೆ ಅಡಕವಾಗಿರುವ ಒಂದೇ ಕಡತ) 16 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ, ‘ಟ್ರೈ ಉಬುಂಟು’ ಆಯ್ದುಕೊಂಡರೆ ಹಾರ್ಡ್‌ಡಿಸ್ಕಿನಲ್ಲಿರುವುದು ಹಾಗೆಯೇ ಉಳಿಯುತ್ತದೆ. ಬರೆಯುವಾಗ ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಯುತ್ತದೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಚಾಲನೆಯಲ್ಲಿದ್ದರೆ ಅದರ ರಿಕವರಿ ಕೀಯನ್ನು (ಬೀಗ ತೆರೆಯುವ ಸಂಖ್ಯೆ) ಮೊದಲೇ ಬರೆದಿಟ್ಟುಕೊಳ್ಳಿ.

ಈ ಹಂತದಲ್ಲಿ ವೇಗವನ್ನು ಅಳೆಯಬೇಡಿ, ಏಕೆಂದರೆ ಪೆನ್‌ಡ್ರೈವಿನಿಂದ ಓಡುವ ವ್ಯವಸ್ಥೆ ಸಹಜವಾಗಿಯೇ ನಿಧಾನ. ನೋಡಬೇಕಾದದ್ದು ಯಂತ್ರಾಂಶದ ಹೊಂದಾಣಿಕೆಯನ್ನು: ವೈಫೈ ಸಿಗುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳುತ್ತದೆಯೇ, ಧ್ವನಿ, ಕ್ಯಾಮೆರಾ, ಬ್ಲೂಟೂತ್ ಸರಿಯಿವೆಯೇ ಎಂಬುದನ್ನು. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕಾಗುವುದರಿಂದ, ಆಗ ಫೋನಿನ ಯುಎಸ್‌ಬಿ ಟೆದರಿಂಗ್ ಮೂಲಕ ಅಂತರ್ಜಾಲ ಪಡೆಯುವುದು ಸುಲಭ. ಕನ್ನಡ ಬರೆಯುವವರು ಐಬಸ್‌ನ (ಭಾಷಾ ಟೈಪಿಂಗ್ ವ್ಯವಸ್ಥೆ) ಎಂ17ಎನ್ ಪೊಟ್ಟಣದಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸವನ್ನೂ ಪರೀಕ್ಷಿಸಬಹುದು. ನುಡಿ ತಂತ್ರಾಂಶ ಬಳಸಿ ರೂಢಿಯಿದ್ದವರಿಗೆ ಅದು ಹೊಸದೆನಿಸದು. ಪರೀಕ್ಷೆಯ ವೇಳೆ ಮಾಡಿದ ಬದಲಾವಣೆಗಳು ಮರುಚಾಲನೆಯ ನಂತರ ಉಳಿಯುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಬಂದ ಈ ಆವೃತ್ತಿಗೆ 5 ವರ್ಷಗಳ ಉಚಿತ ಬೆಂಬಲವಿದೆ. ಆದರೂ 4 ಜಿಬಿಯಲ್ಲಿ ಗ್ನೋಮ್ ಪರಿಸರ (ಉಬುಂಟುವಿನ ಡೆಸ್ಕ್‌ಟಾಪ್ ನೋಟ) ಮತ್ತು ಹತ್ತಾರು ಬ್ರೌಸರ್ ಟ್ಯಾಬ್‌ಗಳು ಒಟ್ಟಿಗೆ ನಡೆಯುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಒಂದೋ ರ‍್ಯಾಮನ್ನು 8 ಜಿಬಿಗೆ ಏರಿಸಿ, ಇಲ್ಲವೇ ಹಗುರವಾದ ಎಕ್ಸ್‌ಎಫ್‌ಸಿಇ ಪರಿಸರವಿರುವ ಕ್ಸುಬುಂಟುವನ್ನು ಇದೇ ರೀತಿ ಪರೀಕ್ಷಿಸಿ. ಅದರ ಬೆಂಬಲದ ಅವಧಿ ಮಾತ್ರ 3 ವರ್ಷ.